ಕ್ರಾಫ್ಟ್ ಬಿಯರ್ ಕೊಳ್ಳುವಾಗ ತಲೆಕೆಳಗಾದ ಬಾಟಲಿ ಹುಡುಕಿ

ಅಮೆರಿಕದಲ್ಲಿರುವವರಿಗೆ: ದೊಡ್ಡ ಮದ್ಯ ಕಂಪನಿಗಳ ಕೈಯಲ್ಲಿಲ್ಲದ ಸ್ವತಂತ್ರ ಬ್ರೂವರಿಯ (ಬಿಯರ್ ತಯಾರಿಸುವ ಘಟಕದ) ಕ್ರಾಫ್ಟ್ ಬಿಯರೇ ಬೇಕಿದ್ದರೆ ಹೆಸರು, ಚಿತ್ರ ನಂಬಬೇಡಿ, ಕ್ಯಾನಿನ ಮೇಲೆ ತಲೆಕೆಳಗಾದ ಬಾಟಲಿಯ ಮುದ್ರೆ ಇದೆಯಾ ನೋಡಿ. ಅಲ್ಲಿನ ಕ್ರಾಫ್ಟ್ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ 2017ರಲ್ಲಿ ತಂದ ಈ ಗುರುತು, ಕ್ರಾಫ್ಟ್ ಅಲ್ಲದ ಮದ್ಯದ ಕಂಪನಿಯ ಪಾಲು ಶೇ. 25ಕ್ಕಿಂತ ಕಡಿಮೆ ಇರುವ ಬ್ರೂವರಿಗಳಿಗೆ ಮಾತ್ರ ಸಿಗುತ್ತದೆ. ಕ್ರಾಫ್ಟ್‌ನಂತೆ ಕಂಡರೂ ದೊಡ್ಡವರ ಕೈಯಲ್ಲಿರುವ ಬಿಯರ್‌ಗಳಿವೆ: ಬ್ಲೂ ಮೂನ್ ಮೋಲ್ಸನ್ ಕೂರ್ಸ್ ಕಂಪನಿಯದು, ಗೂಸ್ ಐಲ್ಯಾಂಡ್ 2011ರಿಂದ ಬಡ್‌ವೈಸರ್ ಮಾಡುವವರ ಕೈಯಲ್ಲಿದೆ, ಲಗುನಿಟಾಸ್ ಹೈನೆಕೆನ್ ಪಾಲಾಗಿದೆ. ಲೇಬಲ್ ನೋಡಿ ಯಾರಿಗೆ ಗೊತ್ತಾಗುತ್ತದೆ ಹೇಳಿ? ಆದರೆ ಮುದ್ರೆ ಕಡ್ಡಾಯವಲ್ಲ, ಹಾಗಾಗಿ ಅದಿಲ್ಲದ್ದೆಲ್ಲ ದೊಡ್ಡವರದೇ ಅಂದುಕೊಳ್ಳಬೇಡಿ, ಮಾಲೀಕರು ಯಾರು ಅಂತ ಫೋನಲ್ಲಿ ಒಮ್ಮೆ ಹುಡುಕಿ. ವರ್ಷಕ್ಕೆ 60 ಲಕ್ಷ ಬ್ಯಾರೆಲ್‌ವರೆಗೆ ತಯಾರಿಸುವವರಿಗೂ ಇದು ಸಿಗುತ್ತದೆ, ತೀರಾ ಸಣ್ಣವರೇ ಅಂತೇನಿಲ್ಲ. ರುಚಿಗೂ ಇದಕ್ಕೂ ಸಂಬಂಧವಿಲ್ಲ, ಗೂಸ್ ಐಲ್ಯಾಂಡ್ ಇಷ್ಟವಾದರೆ ಸುಮ್ನೆ ಕುಡೀರಿ.