ಮೊದಲು ಚಾಕು, ಆಮೇಲೆ ಕೋವಿ: ವಿಸ್ಕಾನ್ಸಿನ್‌ನಲ್ಲಿ ನಾನು ಬೇಟೆ ಕಲಿತದ್ದು

ನಲವತ್ತು ದಾಟಿದ ಮೇಲೆ ಬೇಟೆ ಕಲಿತೆ ಅಂದ್ರೆ ನಮ್ಮವರು ಮೊದಲು ಕೇಳೋದು "ಯಾವ ಕೋವಿ ತಗೊಂಡ್ರಿ?" ಅಂತ. ನಾನು ಶುರು ಮಾಡಿದ್ದು ಚಾಕುವಿನಿಂದ. ಹೊಸದಾಗಿ ಕಲಿಯುವ ಎಲ್ಲರೂ ಹಾಗೇ ಶುರು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ. ಇಲ್ಲಿ ನವೆಂಬರ್‌ನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೋವಿಯಿಂದ ಜಿಂಕೆ ಬೇಟೆಯಾಡುವ ಸೀಸನ್ ಶುರುವಾಗುತ್ತದೆ, ಒಂಬತ್ತು ದಿನ. ಆ ದಿನಗಳಲ್ಲಿ ಪೆಟ್ರೋಲ್ ಬಂಕಿಗೆ ಹೋದರೂ ಬೇಟೆಯವರ ಕಿತ್ತಳೆ ಬಣ್ಣದ ಜಾಕೆಟ್‌ಗಳೇ. ಪಕ್ಕದ ಮನೆಯ ಹಿರಿಯರು ಪ್ರತಿ ವರ್ಷ ಒಂದು ಜಿಂಕೆ ತಂದು ಶೆಡ್ಡಿನಲ್ಲಿ ನೇತು ಹಾಕುತ್ತಿದ್ದರು. ಒಂದು ಸಲ ಧೈರ್ಯ ಮಾಡಿ "ಚರ್ಮ ಸುಲಿಯುವಾಗ ನಾನೂ ಬರಬಹುದಾ?" ಅಂತ ಕೇಳಿದೆ. ಅವರು ಕೈಗೆ ಗ್ಲೌಸ್ ಕೊಟ್ಟು, ಕಾಲು ಹಿಡಿದುಕೋ ಅಂದರು. ಮಾಂಸ ತಿನ್ನುವ ಮನೆಯಲ್ಲೇ ಬೆಳೆದವನು ನಾನು. ಆದರೆ ಕುಯ್ಯುವ ಕೆಲಸ ಯಾವಾಗಲೂ ಅಂಗಡಿಯವರದ್ದೇ ಆಗಿತ್ತು. ಆ ಸಂಜೆ ಚರ್ಮ ಸುಲಿದು, ತೊಡೆ ಬಿಡಿಸಿ, ಮೂಳೆಯಿಂದ ಮಾಂಸ ತೆಗೆದು ಮುಗಿಸುವ ಹೊತ್ತಿಗೆ ಇದು ನನ್ನ ಕೈಲಾಗುತ್ತೆ ಅಂತ ಗೊತ್ತಾಯಿತು. ಆಗದೇ ಇದ್ದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಒಂದು ಪ್ರಾಣಿಯನ್ನು ಕೊಂದ ಮೇಲೆ, ಕಾಡಿನ ನಡುವೆ ಒಬ್ಬನೇ ಮಂಡಿಯೂರಿ ಕೂತು, ಇದು ನನಗೆ ಆಗಲ್ಲ ಅಂತ ಕಂಡುಕೊಳ್ಳೋದು ತಪ್ಪು.

ನಮ್ಮೂರು ಮಲೆನಾಡು. ಅಜ್ಜನ ಕಾಲದ ಶಿಕಾರಿ, ಮರಸು ಕೂರೋದು (ಮರೆಯಲ್ಲಿ ಕಾದು ಕೂರೋದು), ಇವೆಲ್ಲ ಕಥೆಯಾಗಿ ಕೇಳಿದ್ದೇ ಹೊರತು ನೋಡಿದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಮುಗಿದ ಮಾತು, ಮುಗಿದದ್ದೇ ಒಳ್ಳೆಯದು. ಊರಿನ ಕಾಡಿನಲ್ಲಿ ಉಳಿದಿರುವ ಕಡವೆ, ಕಾಡುಕುರಿಗಳು ಹಾಗೇ ಉಳಿಯಲಿ. ನಾನು ಬರೆಯುತ್ತಿರೋದು ಜಿಂಕೆ ಲಕ್ಷಗಟ್ಟಲೆ ಇರುವ, ಕಾನೂನೇ ಬೇಟೆಗೆ ಲೆಕ್ಕ ಇಟ್ಟು ಅವಕಾಶ ಕೊಟ್ಟಿರುವ ಜಾಗದ ಬಗ್ಗೆ.

ಅದೇ ಕಾರಣಕ್ಕೆ ಕಾನೂನನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ವೀಸಾದ ಮೇಲೆ ಇರುವ ನಮ್ಮವರಿಗೆ ಇದು ಇನ್ನೂ ಮುಖ್ಯ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳೋದಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷೇಧ ಇದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಗೆಳೆಯರ ಬಂದೂಕನ್ನು ಸುಮ್ನೆ ಹಿಡಿದು ನೋಡುವ ಮೊದಲೂ ಈ ವಿಷಯ ನೆನಪಿರಲಿ, ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳಿ.

ಇಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಪರವಾನಗಿ ಕೊಳ್ಳಬೇಕಾದರೆ ಸುರಕ್ಷತಾ ಕೋರ್ಸ್ ಮುಗಿಸಿರಬೇಕು. ದೊಡ್ಡವರು ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದು. ನಾನು ಬೇಕಂತಲೇ ಕ್ಲಾಸಿಗೆ ಹೋದೆ. ಅಕ್ಕಪಕ್ಕದಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಕೂತಿದ್ದರು, ಅವರಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದೆ ಅಂತಲೇ ತಿಳಿ, ನಳಿಗೆ ಯಾವಾಗಲೂ ಸುರಕ್ಷಿತ ದಿಕ್ಕಿನಲ್ಲಿರಲಿ, ಗುರಿಯೂ ಅದರ ಹಿಂದೆ ಇರುವುದೂ ಏನು ಅಂತ ಖಾತ್ರಿ ಮಾಡಿಕೋ, ಹೊಡೆಯುವ ಕ್ಷಣದವರೆಗೂ ಬೆರಳು ಬಂದೂಕಿನ ಕುದುರೆಯಿಂದ (ಟ್ರಿಗರ್) ದೂರ ಇರಲಿ. ಈ ನಾಲ್ಕು ಮಾತನ್ನು ಬಾಯಿಪಾಠ ಮಾಡಿಸಿದ್ದಷ್ಟೇ ಅಲ್ಲ, ಕೈಗೆ ಬರುವ ತನಕ ಮಾಡಿಸಿದರು. ಬೇಲಿ ದಾಟುವಾಗ ಗುಂಡು ತೆಗೆದು, ಬೋಲ್ಟ್ (ಗುಂಡು ಏರಿಸುವ ಚಿಲಕ) ತೆರೆದಿಟ್ಟು, ಬಂದೂಕನ್ನು ಮೊದಲು ಆಚೆ ಇಟ್ಟು ಆಮೇಲೆ ನಾವು ದಾಟಬೇಕು. ಇದನ್ನು ಓದಿ ಕಲಿಯೋದಕ್ಕೂ ಮಾಡಿ ಕಲಿಯೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಕ್ಲಾಸ್ ಮುಗಿದ ಮೇಲೂ ಕೋವಿ ಕೊಳ್ಳಲಿಲ್ಲ, ಮೊದಲು ಜಾಗ ನೋಡಲು ಹೋದೆ. ನಮ್ಮ ಈ ಭಾಗಕ್ಕೆ ಡ್ರಿಫ್ಟ್‌ಲೆಸ್ ಅಂತಾರೆ. ಹಿಮಯುಗದ ಹಿಮನದಿಗಳು ಇದನ್ನು ತಟ್ಟೆಯ ಹಾಗೆ ಸವೆಸದೆ ಬಿಟ್ಟಿದ್ದರಿಂದ ಗುಡ್ಡ, ಕಣಿವೆ, ತೊರೆ ಎಲ್ಲ ಉಳಿದಿವೆ. ಸಾರ್ವಜನಿಕ ಕಾಡಿದೆ, ಯಾರ ಅನುಮತಿಯೂ ಬೇಡ. ಅಕ್ಟೋಬರ್ ಪೂರ್ತಿ ಬಿಡುವಾದಾಗಲೆಲ್ಲ ನಡೆದೆ. ಗಂಡು ಜಿಂಕೆ ಕೊಂಬು ಉಜ್ಜಿ ಸಿಪ್ಪೆ ಕಿತ್ತ ಎಳೆ ಮರಗಳು, ಗೊರಸಿನಿಂದ ನೆಲ ಕೆರೆದ ಗುರುತು, ಹಿಕ್ಕೆ, ಬಿಳಿ ಓಕ್ ಮರದ ಕೆಳಗೆ ಅರ್ಧ ತಿಂದು ಬಿಟ್ಟ ಕಾಯಿ. ಒಂದು ತೊರೆ ತಿರುಗುವ ಕಡೆ ಇಳಿಜಾರು ಕಿರಿದಾಗಿ, ಜಿಂಕೆಗಳು ಸಾಲಾಗಿ ದಾಟುವ ದಾರಿ ಕಂಡಿತು. ಕೂರಬೇಕಾದ ಜಾಗ ಅದೇ ಅಂತ ಅಲ್ಲೇ ನಿರ್ಧಾರ ಮಾಡಿದೆ.

ಗಾಳಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಜಿಂಕೆ ನಂಬೋದು ಮೂಗನ್ನು. ಗುಡ್ಡದ ಸೀಮೆಯಲ್ಲಿ ಬಿಸಿಲು ಏರಿದ ಹಾಗೆ ಗಾಳಿ ಕಣಿವೆಯಿಂದ ಮೇಲಕ್ಕೆ ಹೋಗುತ್ತದೆ, ಸಂಜೆ ತಣ್ಣಗಾದಾಗ ಕೆಳಗಿಳಿಯುತ್ತದೆ. ಹವಾಮಾನ ಆ್ಯಪ್ ಪಶ್ಚಿಮದ ಗಾಳಿ ಅಂದರೂ ಕಣಿವೆಯೊಳಗೆ ಅದು ಬೇರೆಯೇ ಕಡೆ ತಿರುಗಿರುತ್ತದೆ. ನಾನು ಕಿಸೆಯಲ್ಲಿ ಗಿಡದ ಬೀಜಕ್ಕೆ ಅಂಟಿರುವ ಹತ್ತಿಯಂಥ ಎಳೆಗಳನ್ನು ಇಟ್ಟುಕೊಂಡಿರುತ್ತೇನೆ. ಒಂದು ಎಳೆ ಬಿಟ್ಟರೆ ಅದು ತೇಲಿ ಹೋಗುವ ದಿಕ್ಕು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಜಿಂಕೆ ದಾರಿಗಿಂತ ಮೇಲೆ ಕೂರಬೇಕು, ಸಂಜೆ ಕೆಳಗೆ. ಇದನ್ನು ಪಾಲಿಸಿದ ಮೇಲೆ ಜಿಂಕೆಗಳು ಬಾಲ ಎತ್ತಿ ಓಡೋದು ಕಡಿಮೆಯಾಯಿತು.

ಈಗ ಕೋವಿ. ನನ್ನದು ಪಾಯಿಂಟ್ 308 ಅಳತೆಯ ಗುಂಡಿನ ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಸಲ ಕೈಯಿಂದಲೇ ಬೋಲ್ಟ್ ಎಳೆದು ಗುಂಡು ಏರಿಸುವ ಕೋವಿ), ಮೇಲೆ ಗುರಿ ನೋಡುವ ಸಾಧಾರಣ ಸ್ಕೋಪ್. ಬಂದೂಕಿನ ಧಕ್ಕೆ ಜಾಸ್ತಿ ಅನ್ನಿಸುವವರಿಗೆ ಪಾಯಿಂಟ್ 243 ಸಾಕು. ಈ ವಿಷಯದಲ್ಲಿ ಗಂಟೆಗಟ್ಟಲೆ ವಾದ ಮಾಡೋರಿದ್ದಾರೆ, ನನಗೆ ಆಸಕ್ತಿ ಇಲ್ಲ. ಅಂದಹಾಗೆ ರೈಫಲ್ ಮೇಲೂ ಗುಂಡುಗಳ ಮೇಲೂ ತಯಾರಕರು ಕಟ್ಟುವ ಶೇಕಡಾ 11ರ ತೆರಿಗೆ 1937ರ ಒಂದು ಕಾಯ್ದೆಯ ಪ್ರಕಾರ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಬೇಟೆಯವರ ದುಡ್ಡಿನಿಂದ ಕಾಡು ನಡೆಯುವ ಈ ಏರ್ಪಾಡು ನನಗೆ ತುಂಬಾ ಇಷ್ಟ. ರೇಂಜಿನಲ್ಲಿ ಮೇಜಿನ ಮೇಲೆ ಒರಗಿಸಿ 100 ಗಜಕ್ಕೆ ಗುರಿ ಹೊಂದಿಸಿದ ಮೇಲೆ ಮೇಜು ಬಿಟ್ಟುಬಿಡಿ. ನೆಲದ ಮೇಲೆ ಕೂತು, ಮಂಡಿಯೂರಿ, ದಪ್ಪ ಜಾಕೆಟ್ ಹಾಕಿಕೊಂಡು ಅಭ್ಯಾಸ ಮಾಡಿ, ಕಾಡಿನಲ್ಲಿ ಹೊಡೆಯೋದು ಹಾಗೇ ಅಲ್ವಾ? ನೂರು ಗಜದ ಆಚೆ ಹೊಡೆಯಲ್ಲ, ಓಡುವ ಜಿಂಕೆಗೆ ಹೊಡೆಯಲ್ಲ ಅಂತ ನಾನು ಹಾಕಿಕೊಂಡ ನಿಯಮವನ್ನು ಇವತ್ತಿಗೂ ಬಿಟ್ಟಿಲ್ಲ.

ಸೀಸನ್ ಬಂತು. ಇಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹೊಡೆಯಬಹುದು, ಹಾಗಾಗಿ ಕತ್ತಲಲ್ಲೇ ಹೋಗಿ ಕೂರಬೇಕು. ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧವಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಬೇಕು ಅನ್ನೋದು ಕಾನೂನು. ಚಳಿ ಮೈನಸ್‌ನಲ್ಲಿತ್ತು. ಮೊದಲು ಬಂದ ಜಿಂಕೆಗಳಿಗೆ ಹೊಡೆಯಲಿಲ್ಲ, ಅವುಗಳ ಹಿಂದೆ ಬರೀ ಆಕಾಶ ಇತ್ತು, ಗುಂಡು ತಪ್ಪಿದರೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಒಂದು ವಾರಾಂತ್ಯ ಹೀಗೇ ಹೋಯಿತು. ಆಮೇಲೊಂದು ಸಂಜೆ ದೊಡ್ಡ ಹೆಣ್ಣು ಜಿಂಕೆಯೊಂದು ತೊರೆ ದಾಟಿ ಬಂದು ಅಡ್ಡಲಾಗಿ ನಿಂತಿತು, ಹಿಂದೆ ಮಣ್ಣಿನ ದಿಬ್ಬ. ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗ, ಅಲ್ಲಿಗೆ ಗುರಿ. ಈಡು ಹೊಡೆದೆ. ಅದು ನೆಗೆದು ಓಡಿತು.

ಹೊಸಬರು ತಾಳ್ಮೆ ಕಳೆದುಕೊಳ್ಳೋದು ಇಲ್ಲೇ. ತಕ್ಷಣ ಹಿಂದೆ ಓಡಬಾರದು, ಅರ್ಧ ಗಂಟೆ ಕೂರಬೇಕು. ಆಮೇಲೆ ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ರಕ್ತ ನೋಡಬೇಕು. ನಸುಗೆಂಪಾಗಿ ನೊರೆ ನೊರೆಯಾಗಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪಾಗಿದ್ದು, ಹಸಿರು ಚೂರು ಇದ್ದು, ನಾತ ಬಂದರೆ ಹೊಟ್ಟೆಗೆ ಬಿದ್ದಿದೆ, ಆಗ ಹಲವು ಗಂಟೆ ಕಾಯಬೇಕು. ನನಗೆ ಕಂಡದ್ದು ನೊರೆ ರಕ್ತ. ಒಣ ಎಲೆಗಳ ಮೇಲೆ ಹನಿ ಹನಿಯಾಗಿ ಹೋಗಿ, ಮುರಿದುಬಿದ್ದ ಮರದ ಆಚೆ ಮುಗಿದಿತ್ತು. ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿದೆ, ರೆಪ್ಪೆ ಅಲುಗಲಿಲ್ಲ. ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತು ಅದರ ಪಕ್ಕ ಕೂತು ಕೈ ಮುಗಿದೆ.

ಆಮೇಲಿನದ್ದು ಕೈಗೆ ಗೊತ್ತಿದ್ದ ಕೆಲಸ. ಮಲಗಿಸಿ, ಎದೆಮೂಳೆಯ ಕೆಳಗೆ ಚರ್ಮ ಎತ್ತಿ ಸಣ್ಣ ತೂತು ಮಾಡಿ, ಎಡಗೈಯ ಎರಡು ಬೆರಳು ಒಳಗೆ ತೂರಿಸಿ, ಬೆರಳುಗಳ ನಡುವೆ ಚಾಕುವಿನ ಬಾಯಿ ಮೇಲ್ಮುಖವಾಗಿಟ್ಟು ಬಾಲದ ಕಡೆಗೆ ಕುಯ್ಯುತ್ತಾ ಹೋದೆ. ಬೆರಳು ಹೊಟ್ಟೆಚೀಲವನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ, ಅದು ಒಡೆದರೆ ಮಾಂಸ ಕೆಡುತ್ತದೆ. ಉಚ್ಚೆಚೀಲದ ಹತ್ತಿರವೂ ಅಷ್ಟೇ ಜೋಪಾನ. ಎದೆಗೂಡಿಗೂ ಹೊಟ್ಟೆಗೂ ನಡುವಿನ ಪೊರೆ ಬಿಡಿಸಿ, ಮೊಣಕೈವರೆಗೆ ಒಳಗೆ ಕೈ ಹಾಕಿ ಶ್ವಾಸನಾಳ ಕತ್ತರಿಸಿ ಎಳೆದರೆ ಎಲ್ಲ ಒಟ್ಟಿಗೇ ಹೊರಬರುತ್ತದೆ. ಆ ಚಳಿಯಲ್ಲಿ ನನ್ನ ಕೈ ಮಾತ್ರ ಬೆಚ್ಚಗಿತ್ತು.

ಹೊಡೆದದ್ದನ್ನು ಮರುದಿನ ಸಂಜೆ ಐದರೊಳಗೆ ಫೋನಿನಲ್ಲೋ ಆನ್‌ಲೈನ್‌ನಲ್ಲೋ ನೋಂದಾಯಿಸಬೇಕು. ಇನ್ನೊಂದು ಕೆಲಸವನ್ನಂತೂ ದಯವಿಟ್ಟು ಬಿಡಬೇಡಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಜಿಂಕೆಗಳ ಮೆದುಳಿನ ರೋಗ ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾಯಿತು, ಅದೂ ನಮ್ಮ ಈ ಭಾಗದಲ್ಲೇ. ಜಿಂಕೆ ನೋಡೋಕೆ ಆರೋಗ್ಯವಾಗಿದ್ದರೂ ರೋಗ ಇರಬಹುದು, ಬೇಯಿಸಿದರೂ ಹೋಗಲ್ಲ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೂ ರೋಗ ಇದ್ದರೆ ತಿನ್ನಬೇಡಿ ಅಂತ ಆರೋಗ್ಯ ಇಲಾಖೆಯವರು ಹೇಳುತ್ತಾರೆ. ತಲೆಯನ್ನು ಸಂಗ್ರಹ ಪೆಟ್ಟಿಗೆಯಲ್ಲಿ ಬಿಟ್ಟು ಬಂದರೆ ಪರೀಕ್ಷೆ ಉಚಿತ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿ, ಹೆಸರು ಬರೆದು, ಬೇರೆಯಾಗಿ. ನಮ್ಮದು ರೋಗ ಇಲ್ಲ ಅಂತ ಬಂತು.

ಅಮ್ಮನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ. "ಹೆಣ್ಣು ಅಂತೀಯಲ್ಲೋ, ಮರಿ ಇರಲಿಲ್ವೇನೋ ಅದಕ್ಕೆ?" ಇಲ್ಲಿ ಮರಿ ಹುಟ್ಟೋದು ಮೇ, ಜೂನ್‌ನಲ್ಲಮ್ಮ, ನವೆಂಬರ್ ಹೊತ್ತಿಗೆ ಹಾಲು ಬಿಟ್ಟು ತಾವೇ ಮೇಯುತ್ತವೆ ಅಂದೆ. ಸ್ವಲ್ಪ ಸುಮ್ಮನಿದ್ದು, "ಹಂಗಾದ್ರೆ ಕೊಬ್ಬೆಲ್ಲ ತೆಗ್ದು ಮಾಡು, ಮೆಣಸು ಜಾಸ್ತಿ ಹಾಕು" ಅಂದರು. ಕೊಬ್ಬಿನ ಮಾತು ಸರಿಯೇ. ಜಿಂಕೆ ಕೊಬ್ಬು ಮೇಣದ ಥರ ಬಾಯಿಗೆ ಅಂಟುತ್ತದೆ, ಒಂಚೂರೂ ಬಿಡದೆ ತೆಗೆಯಬೇಕು. ಮಾಂಸದಲ್ಲಿ ಜಿಡ್ಡಿಲ್ಲದ ಕಾರಣ ಬೆನ್ನಿನ ಮಾಂಸವನ್ನು ಕಾದ ಬಾಣಲೆಯಲ್ಲಿ ಬೇಗ ಹುರಿದು ಇಳಿಸಬೇಕು, ಕಾಲಿನದ್ದನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ನಾವು ಮಾಡಿದ್ದು ಕಾಳುಮೆಣಸು, ಕೊತ್ತಂಬರಿ, ಹುರಿದ ತೆಂಗಿನಕಾಯಿ, ಕೊನೆಗೆ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ). ಜೊತೆಗೆ ಅಕ್ಕಿ ರೊಟ್ಟಿ. ಮೊದಲ ಪಾತ್ರೆ ಹೋದದ್ದು ಪಕ್ಕದ ಮನೆಗೆ.

ಈ ವರ್ಷದ ಸೀಸನ್ನಿಗೇ ಶುರು ಮಾಡಬೇಕು ಅನ್ನೋರು ಬೇಸಿಗೆಯಲ್ಲೇ ಕ್ಲಾಸಿಗೆ ಹೆಸರು ಕೊಡಿ, ನವೆಂಬರ್ ಹತ್ತಿರ ಬಂದ ಹಾಗೆ ಸೀಟು ಸಿಗೋದು ಕಷ್ಟ. ಹೆಣ್ಣು ಜಿಂಕೆಯ ಅನುಮತಿ ಸಾರ್ವಜನಿಕ ಜಾಗಕ್ಕೆ ಬೇರೆ, ಖಾಸಗಿ ಜಾಗಕ್ಕೆ ಬೇರೆ, ತಗೊಳ್ಳುವಾಗ ನೋಡಿ ತಗೊಳ್ಳಿ. ಪರಿಚಯದವರಲ್ಲಿ ಬೇಟೆಯವರಿದ್ದರೆ, ಕುಯ್ಯುವ ದಿನ ಸಹಾಯಕ್ಕೆ ಬರ್ತೀನಿ ಅಂತ ಈಗಲೇ ಹೇಳಿಡಿ. ಬೇಡ ಅಂದವರನ್ನು ನಾನಿನ್ನೂ ನೋಡಿಲ್ಲ.