ಹಸಿ ಮರ ಬೇಗ ಒಣಗಬೇಕೇ? ಮೊದಲು ಕಡೆಯಿರಿ

ಮೇ ತಿಂಗಳ ಗಾಳಿಮಳೆಗೆ ಹಿತ್ತಲಿನ ಹಲಸಿನ ದಪ್ಪ ಕೊಂಬೆಯೊಂದು ಮುರಿದು ಬಿತ್ತು ಎಂದುಕೊಳ್ಳಿ. ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಸಣ್ಣ ಲೇತ್ ಯಂತ್ರವೊಂದನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಅದು ಸುಗ್ಗಿ. ದಿಮ್ಮಿಯನ್ನು ಶೆಡ್ಡಿನ ಮೂಲೆಗೆ ಉರುಳಿಸಿ, ‘ಚೆನ್ನಾಗಿ ಒಣಗಲಿ, ಆಮೇಲೆ ಬಟ್ಟಲು ಕಡೆಯೋಣ’ ಎಂದು ಕಾಯುತ್ತೇವೆ. ದೀಪಾವಳಿಗೆ ತೆಗೆದು ನೋಡಿದರೆ ತಿರುಳಿನಿಂದ ತೊಗಟೆಯವರೆಗೆ ಬೆರಳು ತೂರುವಷ್ಟು ಬಿರುಕು. ನಾನು ಹೀಗೆ ಒಲೆಗೆ ಕೊಟ್ಟ ದಿಮ್ಮಿಗಳ ಲೆಕ್ಕ ಬೇಡ.

ತಪ್ಪು ಕಾಯುವುದರಲ್ಲೇ ಇದೆ. ಹಲಗೆ ಒಣಗಿಸುವವರು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುತ್ತಾರೆ. ಅದು ಅಂದಾಜಷ್ಟೇ, ನಿಜದಲ್ಲಿ ದಪ್ಪ ಇಮ್ಮಡಿಯಾದರೆ ಒಣಗುವ ಕಾಲ ಇಮ್ಮಡಿಗಿಂತ ಹೆಚ್ಚೇ ಆಗುತ್ತದೆ. ಹಾಗಾಗಿ ಬೇಗ ಒಣಗಬೇಕೆಂದರೆ ಹಸಿಯಿದ್ದಾಗಲೇ ಕಡೆದು ತೆಳುವಾಗಿಸಿಬಿಡಿ. ಉಳಿಗಿಂತ ಚುರುಕಾಗಿ ಮರ ಒಣಗಿಸುವ ಸಾಧನ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಕೆಲವೇ ತಿಂಗಳಲ್ಲಿ ಒಣಗುವುದಕ್ಕೂ ಆ ತುಂಡುಗಳು ಸಪೂರವಾಗಿರುವುದು ಮುಖ್ಯ ಕಾರಣ.

ಬಿರುಕು ಎಲ್ಲಿಂದ?

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ, ಕೋಶಗಳ ಗೋಡೆಯಲ್ಲಿ. ಪೊಳ್ಳಿನ ನೀರು ಹೋಗುವವರೆಗೆ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಶೇ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರಿನ ಸರದಿ. ಕುಗ್ಗುವುದು ಶುರುವಾಗುವುದೇ ಆಗ. ಉಂಗುರಗಳ ಸುತ್ತಳತೆಯ ಗುಂಟ ಮರ ಎಷ್ಟು ಕುಗ್ಗುತ್ತದೋ, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಉದ್ದಕ್ಕಂತೂ ಇಲ್ಲವೆನ್ನುವಷ್ಟು ಕಡಿಮೆ. ಇಡೀ ದಿಮ್ಮಿಯಲ್ಲಿ ಸುತ್ತಳತೆ ಬಿಗಿಯುತ್ತಾ ಹೋದಂತೆ ಒಳಗಿನ ಮರ ಅಷ್ಟೇ ಜಾಗ ಬಿಟ್ಟುಕೊಡುವುದಿಲ್ಲ. ಎಲ್ಲಾದರೂ ಹರಿಯಲೇಬೇಕು.

ಆದ್ದರಿಂದ ಮೊದಲ ಕೆಲಸ ಗರಗಸದ್ದು. ದಿಮ್ಮಿಯನ್ನು ತಿರುಳಿನ ಮೂಲಕವೇ ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳಿನ ಅಕ್ಕಪಕ್ಕದ ಅರ್ಧ ಇಂಚನ್ನು ಕೊಯ್ದು ಎಸೆಯಿರಿ. ಅಂದೇ ಕಡೆಯಲು ಪುರುಸೊತ್ತಿಲ್ಲವೇ? ಕೊಯ್ದ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನೋ, ಗೋಡೆಗೆ ಬಳಿದು ಉಳಿದ ಬಣ್ಣವನ್ನೋ ದಪ್ಪಗೆ ಬಳಿಯಿರಿ. ಮರದ ಎಳೆಯ ಗುಂಟ ನೀರು ಅಡ್ಡಕ್ಕಿಂತ ಹತ್ತು ಹದಿನೈದು ಪಟ್ಟು ಬೇಗ ಓಡುತ್ತದೆ. ತುದಿ ಮೊದಲು ಒಣಗಿ ಸೀಳುವುದು ಅದಕ್ಕೇ. ಈ ಕೆಲಸ ನಾಳೆಗೆ ಬೇಡ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ.

ಒರಟಾಗಿ ಕಡೆಯುವುದು

ಹಸಿ ಮರ ಕಡೆಯುವ ಸುಖವೇ ಬೇರೆ. ಧೂಳಿಲ್ಲ, ಉಳಿಯ ತುದಿಯಿಂದ ಉದ್ದುದ್ದ ಸುರುಳಿಗಳು ಹಾರುತ್ತವೆ, ಮುಖಕ್ಕೆ ನೀರೂ ಸಿಡಿಯುತ್ತದೆ. ಗೋಡೆಯ ದಪ್ಪ ಬಟ್ಟಲಿನ ಅಗಲದ ಹತ್ತನೇ ಒಂದರಷ್ಟಿರಲಿ: 20 ಸೆಂಟಿಮೀಟರ್ ಬಟ್ಟಲಿಗೆ 2 ಸೆಂಟಿಮೀಟರ್. ಒಣಗಿದ ಮೇಲೆ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಚಿಕೊಳ್ಳುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಲು ಇಷ್ಟು ಮರ ಬೇಕು. ಬುಡದಲ್ಲಿ ಲೇತಿನ ಚಕ್ (ಮರವನ್ನು ಹಿಡಿದಿಡುವ ದವಡೆ) ಕಚ್ಚುವ ಭಾಗವನ್ನೂ ಧಾರಾಳವಾಗಿ ಬಿಡಿ, ಅದೂ ಅಂಕುಡೊಂಕಾಗುತ್ತದೆ. ದಪ್ಪ ಎಲ್ಲ ಕಡೆ ಒಂದೇ ಸಮ ಇರಲೇಬೇಕು. ಬುಡ ದಪ್ಪ, ಅಂಚು ತೆಳು ಎಂದಾದರೆ ಅಂಚು ಒಣಗಿ ಬಿಗಿಯುವಾಗ ಬುಡ ಇನ್ನೂ ಹಸಿಯಾಗಿಯೇ ಇರುತ್ತದೆ. ಕೆಲಸ ಮುಗಿದ ಕೂಡಲೇ ಲೇತನ್ನು ಒರೆಸಿ ಎಣ್ಣೆ ಹಚ್ಚಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಹಂಡೆಯ ಉಪಾಯ

ಒಣಗಿಸಲೆಂದು ನೀರಿಗೆ ಹಾಕುವುದು ತಮಾಷೆಯೆನಿಸಬಹುದು, ಆದರೆ ನನಗೆ ಅತಿ ಹೆಚ್ಚು ಬಟ್ಟಲು ಉಳಿಸಿಕೊಟ್ಟದ್ದು ಕುದಿಸುವುದೇ. ಒರಟಾಗಿ ಕಡೆದ ಬಟ್ಟಲನ್ನು ಬಚ್ಚಲ ಹಂಡೆಯಲ್ಲೋ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲೋ ಮುಳುಗಿಸಿ, ತೇಲದಂತೆ ಕಲ್ಲು ಹೇರಿ, ಇಂಚು ದಪ್ಪಕ್ಕೆ ಒಂದು ಗಂಟೆಯಂತೆ ಕುದಿಸಿ. ಬಿಸಿಗೆ ಎಳೆಗಳು ಮೆತ್ತಗಾಗಿ ಒಳಗಿನ ಬಿಗಿತ ಸಡಿಲುತ್ತದೆ. ಆಮೇಲೆ ಒಣಗುವಾಗ ಸೀಳುವ ಬದಲು ಬಾಗುತ್ತದೆ. ಕಬ್ಬಿಣದ ಬಾಣಲೆ ಬೇಡ, ಒಗರು ಇರುವ ಮರ ಅದರಲ್ಲಿ ಕಪ್ಪಾಗುತ್ತದೆ. ಹಲಸು ಕುದಿಸಿದ ನೀರು ಅರಿಸಿನದಂತೆ ಹಳದಿಯಾದರೆ ಗಾಬರಿ ಬೇಡ. ಬರ್ಮಾ, ಥಾಯ್ಲೆಂಡಿನ ಭಿಕ್ಕುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಈ ಮರದ ಚಕ್ಕೆಯಿಂದಲೇ.

ತೆಗೆದು, ತಣಿದ ಮೇಲೆ ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿ ನೆರಳಿನಲ್ಲಿಡಿ. ಪ್ಲಾಸ್ಟಿಕ್ ಚೀಲವಾದರೆ ಬೂಷ್ಟು ಹಿಡಿಯುತ್ತದೆ. ಬಿಸಿಲು, ಫ್ಯಾನಿನ ನೇರ ಗಾಳಿ ಎರಡೂ ಬೇಡ.

ಮೈಕ್ರೋವೇವ್: ಅವಸರದವರಿಗೆ

ಚಿಕ್ಕ, ತೆಳು ವಸ್ತುಗಳಿಗೆ ಇದು ನಿಜಕ್ಕೂ ವೇಗದ ದಾರಿ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯುತ್ತದೆ. ಬಟ್ಟಲನ್ನು ತೂಕ ಮಾಡಿ, ಡಿಫ್ರಾಸ್ಟ್‌ನಲ್ಲಿ ಒಂದೆರಡು ನಿಮಿಷ ಇಟ್ಟು, ತೆಗೆದು, ಪೂರ್ತಿ ತಣಿಯಲು ಬಿಡಿ. ಮತ್ತೆ ತೂಕ, ಮತ್ತೆ ಒಂದೆರಡು ನಿಮಿಷ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಅವಧಿ ಕಡಿಮೆ ಮಾಡಿ. ತೂಕ ಇಳಿಯುವುದು ನಿಂತ ಮೇಲೆ ಇನ್ನೊಂದು ಸುತ್ತು ಹಾಕಬೇಡಿ.

ನಾನು ಹಾಕಿದ್ದೆ. ಪೂರ್ತಿ ಪವರ್, ಐದು ನಿಮಿಷ. ಹೊರಗೆ ನೋಡಲು ಬಟ್ಟಲು ಚೆನ್ನಾಗಿಯೇ ಇತ್ತು, ಗೋಡೆಯ ಒಳಗೆ ಮಾತ್ರ ಇದ್ದಿಲು. ಅಡುಗೆಮನೆಯ ಸುಟ್ಟ ವಾಸನೆ ಹೋಗಲು ವಾರ ಹಿಡಿಯಿತು, ಮನೆಯವರ ಸಿಟ್ಟು ಇಳಿಯಲು ಅದಕ್ಕಿಂತ ಹೆಚ್ಚು. ಈ ಕೆಲಸಕ್ಕೆ ಬೇರೆಯೇ ಹಳೆಯ ಓವನ್ ಇಟ್ಟುಕೊಳ್ಳಿ, ಅದು ಓಡುತ್ತಿರುವಾಗ ಪಕ್ಕದಿಂದ ಕದಲಬೇಡಿ.

ಮಳೆಗಾಲದ ಪೆಟ್ಟಿಗೆ

ಮಳೆಗಾಲದ ತೇವದ ಗಾಳಿಯಲ್ಲಿ ಬಟ್ಟಲು ಒಣಗಲು ತುಸು ಶಾಖ ಬೇಕು. ಮಲೆನಾಡಿನಲ್ಲಿ ಬಿದಿರಿನ ಬುಟ್ಟಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದುದು ಇದೇ ಲೆಕ್ಕದಲ್ಲಿ. ಹೊಗೆ, ಶಾಖ ಎರಡೂ ಸಿಕ್ಕಿ ಹುಳ ಹತ್ತುತ್ತಿರಲಿಲ್ಲ. ಅಟ್ಟವಿಲ್ಲದವರು ಕೆಟ್ಟ ಫ್ರಿಜ್ ಒಂದನ್ನು ಹಿಡಿಯಿರಿ. ತಂಪು ಕೊಡುವ ಕೊಳವೆಗಳಿಗೆ ತಾಗದಂತೆ ಕೆಳಗೂ ಮೇಲೂ ಒಂದೆರಡು ತೂತು ಕೊರೆದು, ತಳದಲ್ಲಿ 60 ವ್ಯಾಟಿನ ಹಳೆಯ ತಂತಿ ಬಲ್ಬ್ ಉರಿಸಿ (ಎಲ್‌ಇಡಿ ಕೊಡುವ ಶಾಖ ಸಾಲದು). ಒಳಗೆ 35ರಿಂದ 40 ಡಿಗ್ರಿ ಸಾಕು. ಬಲ್ಬಿಗೆ ಮರವಾಗಲಿ ಕಾಗದವಾಗಲಿ ತಾಗದಂತೆ ಜಾಲರಿ ಹಾಕಿ. ಮಕ್ಕಳಿರುವ ಮನೆಯಲ್ಲಿ ಬಾಗಿಲಿಗೆ ಬೀಗ ಇರಲಿ.

ಒಣಗಿತೆಂದು ತಿಳಿಯುವುದು ಹೇಗೆ?

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒರಟು ಕಡೆದ ದಿನವೇ ಬಟ್ಟಲಿನ ತಳದಲ್ಲಿ ತಾರೀಖು, ತೂಕ ಎರಡನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗಿ, ಅದರ ಕೆಳಗೇ ಬರೆಯುತ್ತಾ ಹೋಗಿ. ಸತತ ಮೂರು ವಾರ ಒಂದೇ ತೂಕ ಬಂದರೆ ಆ ಊರಿನ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ ಎಂದರ್ಥ.

‘ಆ ಊರಿನ’ ಎಂದದ್ದು ಸುಮ್ಮನೆ ಅಲ್ಲ. ಗಾಳಿಯ ತೇವ ಶೇ 85 ಇದ್ದರೆ ಮರದ ತೇವಾಂಶ ಶೇ 18ರ ಹತ್ತಿರ ನಿಂತುಬಿಡುತ್ತದೆ, ಶೇ 65ಕ್ಕೆ 12ರ ಹತ್ತಿರ, ಶೇ 40ಕ್ಕೆ 8ರ ಹತ್ತಿರ. ಆಷಾಢದಲ್ಲಿ ಮಂಗಳೂರಿನಲ್ಲಿ ‘ಒಣಗಿದ’ ಬಟ್ಟಲು ಬೇಸಿಗೆಯ ಕಲಬುರಗಿಗೆ ಉಡುಗೊರೆಯಾಗಿ ಹೋದರೆ ಮತ್ತೆ ಕುಗ್ಗುತ್ತದೆ. ಅದು ಎಲ್ಲಿಗೆ ಹೋಗಲಿದೆ ಎಂಬುದು ಗೊತ್ತಿದ್ದರೆ ಪೆಟ್ಟಿಗೆಯಲ್ಲಿ ಇನ್ನೊಂದೆರಡು ವಾರ ಬಿಟ್ಟು, ತೂಕ ಇನ್ನಷ್ಟು ಇಳಿದ ಮೇಲೆ ಕೊನೆಯ ಸುತ್ತು ಕಡೆಯಿರಿ.