ಅರ್ಜಿಯ ಒಂದು ಸಾಲು ಕಲಿಸಿದ್ದು

ಭೌತಶಾಸ್ತ್ರ ಪದವಿಗೆ ಅರ್ಜಿ ಹಾಕಿದ್ದೆ. ಇಂಟರ್‌ವ್ಯೂಗೆ ಕರೆ ಬಂತು. ಮೂವತ್ತು ಪ್ರಶ್ನೆ ಬರೆದು ಉತ್ತರ ಬಾಯಿಪಾಠ ಮಾಡಲು ಕೂತೆ. ಒಂದು ವಾರ ಅದರಲ್ಲೇ ಹೋಯಿತು.

ಒಂದು ಸಂಜೆ ಅಕ್ಕ ಸುಮ್ನೆ ನನ್ನ ಅರ್ಜಿಯ ಪ್ರತಿ ಎತ್ತಿಕೊಂಡಳು. ಹವ್ಯಾಸ ಅನ್ನುವ ಕಡೆ ‘ಆಕಾಶ ನೋಡುವುದು’ ಅಂತ ಬರೆದಿದ್ದೆ. “ಕೊನೇ ಸಲ ಏನು ನೋಡಿದೆ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಿ ವರ್ಷವೇ ಆಗಿತ್ತು.

ಅವತ್ತೇ ಆ ಪಟ್ಟಿ ಬದಿಗಿಟ್ಟೆ. ಅರ್ಜಿಯ ಒಂದೊಂದು ಸಾಲಿಗೂ ಯಾವಾಗ, ಹೇಗೆ, ಯಾಕೆ ಅಂತ ನಾನೇ ಕೇಳಿಕೊಂಡೆ. ಉತ್ತರ ಇಲ್ಲದ ಕಡೆ ಕೆಲಸ ಮಾಡಿದೆ. ಹತ್ತು ರಾತ್ರಿ ಬೈನಾಕ್ಯುಲರ್‌ನಲ್ಲಿ ಗುರು ಗ್ರಹ ನೋಡಿದೆ. ಕೈ ನಡುಗದ ಹಾಗೆ ಮೊಣಕೈಯನ್ನು ಗೋಡೆಯ ಮೇಲೆ ಊರಬೇಕು. ಪಕ್ಕದ ಚುಕ್ಕಿಗಳು ಎಲ್ಲಿವೆ ಅಂತ ದಿನಾ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಕೆಲವು ರಾತ್ರಿ ಎರಡು ಕಂಡವು, ಕೆಲವು ರಾತ್ರಿ ಮೂರು. 1610ರಲ್ಲಿ ಗೆಲಿಲಿಯೊ ಕಂಡ ಅದೇ ಚಂದ್ರರು! ಇಂಟರ್‌ವ್ಯೂ ಇಲ್ಲದಿದ್ದರೂ ಇದನ್ನು ಮಾಡಬೇಕಿತ್ತು ಅನ್ನಿಸಿತು.

“ನಿಮ್ಮ ಬಗ್ಗೆ ಹೇಳಿ” ಅನ್ನುವುದಕ್ಕೆ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಾಲ್ಕು ನಿಮಿಷ ಇತ್ತು. ಅಂಕ, ಬಹುಮಾನ ಎಲ್ಲ ಅರ್ಜಿಯಲ್ಲೇ ಇದೆ ಅಲ್ವಾ? ಅವನ್ನು ಬಿಟ್ಟೆ. ಈ ವಿಷಯ ಯಾಕೆ ಇಷ್ಟ ಅನ್ನುವುದಷ್ಟೇ ಉಳಿಯಿತು, ಒಂದೂವರೆ ನಿಮಿಷ. ಬಟ್ಟೆ, ದಾಖಲೆ ಹಿಂದಿನ ರಾತ್ರಿಯೇ ಜೋಡಿಸಿಟ್ಟೆ.

ಒಳಗೆ ಮೂವರಿದ್ದರು. ಒಬ್ಬರು ನೇರ ಹವ್ಯಾಸಕ್ಕೇ ಬಂದರು. ಗುರುವಿನ ಪಕ್ಕ ಕಂಡ ಚುಕ್ಕಿಗಳ ಬಗ್ಗೆ ಹೇಳಿದೆ. “ಅವು ನಕ್ಷತ್ರ ಅಲ್ಲ, ಚಂದ್ರರು ಅಂತ ಹೇಗೆ ಹೇಳುತ್ತೀರಿ?” ಒಂದೇ ಗೆರೆಯಲ್ಲಿ ಇರುತ್ತವೆ, ದಿನಾ ಜಾಗ ಬದಲಿಸುತ್ತವೆ, ಆದರೆ ಗುರುವನ್ನು ಬಿಟ್ಟು ಹೋಗುವುದಿಲ್ಲ ಎಂದೆ. “ಅವುಗಳಲ್ಲಿ ಒಳಗಿನ ಚಂದ್ರ ಅಯೋ ಸುಮಾರು 42 ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ಹೊರಗಿನ ಚಂದ್ರ ಕ್ಯಾಲಿಸ್ಟೊಗೆ ಹತ್ತಿರ ಹತ್ತಿರ 17 ದಿನ ಬೇಕು. ಯಾಕೆ?” ದಾರಿ ಉದ್ದ ಎಂದೆ. “ಅಷ್ಟೇನಾ?” ಎಂದರು.

“ಗೊತ್ತಿಲ್ಲ ಸರ್, ಯೋಚಿಸಿ ಹೇಳಲಾ?” ಎಂದು ಕೇಳಿದೆ. ಅವರು ಕಾಗದ ಕೊಟ್ಟರು. ಚಿತ್ರ ಬರೆಯುತ್ತಾ ಜೋರಾಗಿಯೇ ಯೋಚಿಸಿದೆ. ದೂರ ಹೋದಷ್ಟೂ ಗುರುವಿನ ಸೆಳೆತ ಕಡಿಮೆ. ಸೆಳೆತ ಕಡಿಮೆ ಇದ್ದರೆ ಸುತ್ತುವ ವೇಗವೂ ಕಡಿಮೆ. ಹಾಗಾದರೆ ದಾರಿಯೂ ಉದ್ದ, ನಡಿಗೆಯೂ ನಿಧಾನ. ಅವರು ತಲೆಯಾಡಿಸಿದರು. ಬಾಯಿಪಾಠದ ಉತ್ತರ ಒಂದೂ ಬೇಕಾಗಲಿಲ್ಲ.

ಕೊನೆಗೆ ನಿಮ್ಮ ಪ್ರಶ್ನೆ ಏನಾದರೂ ಇದೆಯಾ ಎಂದರು. ಮೊದಲ ವರ್ಷದವರಿಗೂ ಟೆಲಿಸ್ಕೋಪ್ ಮುಟ್ಟಲು ಬಿಡುತ್ತೀರಾ ಎಂದು ಕೇಳಿದೆ. “ಬಿಡುತ್ತೇವೆ, ಆ ನೋಟ್‌ಬುಕ್ಕನ್ನೂ ತನ್ನಿ” ಎಂದರು.